ಪಾಲು ಮಾಡಿಕೊಂಡ ಮೇಲೆ

(ಓದುಗರ ಬಳಗವೊಂದರಲ್ಲಿ ಈಚೆಗೆ ಆಡಿದ ಮಾತುಗಳ ಬರಹ ರೂಪ. ಮಾತು ಅಲ್ಲಲ್ಲಿ ಹಾದಿ ಬಿಟ್ಟದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಅಲ್ಲ.)

2023ರ ಏಪ್ರಿಲ್ ತಿಂಗಳು ನಿಮಗೆ ನೆನಪಿರಬಹುದು. ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಪ್ರಚಾರ ಜೋರಾಗಿತ್ತು. ಆ ಗದ್ದಲದ ನಡುವೆ ಒಂದು ಸುದ್ದಿ ಬಂತು. ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಮೂವತ್ತಕ್ಕೂ ಹೆಚ್ಚು ಜನ ಸುಡಾನಿನ ಎಲ್ ಫಾಶೆರ್ ಎಂಬ ಊರಿನಲ್ಲಿ ಸಿಕ್ಕಿಕೊಂಡಿದ್ದಾರೆ, ಹೊರಗೆ ಗುಂಡಿನ ಸುರಿಮಳೆ, ಒಳಗೆ ಊಟವಿಲ್ಲ, ನೀರಿಲ್ಲ ಅಂತ. ಗಿಡಮೂಲಿಕೆಯ ಔಷಧಿ ಮಾರಲು ಅಷ್ಟು ದೂರ ಹೋಗಿದ್ದವರು ಅವರು. ಆಮೇಲೆ ಭಾರತ ಸರ್ಕಾರ ತನ್ನ ಜನರನ್ನು ಕರೆತರಲು ಒಂದು ಕಾರ್ಯಾಚರಣೆ ನಡೆಸಿತು. ಅದಕ್ಕೆ ಇಟ್ಟ ಹೆಸರು ನಮ್ಮ ಹೊಳೆಯದೇ, ಕಾವೇರಿ.

ಅವತ್ತು ಗೆಳೆಯರೊಬ್ಬರು ನನ್ನನ್ನು ಕೇಳಿದ್ದರು: "ಆ ದೇಶ ಆಗಲೇ ಎರಡಾಗಿದೆಯಲ್ಲ ಮಾರಾಯರೇ. ಜಗಳ ಮುಗಿಯಲಿ ಅಂತಲೇ ಅಲ್ವಾ ಒಡೆದಿದ್ದು? ಇನ್ನೂ ಯಾಕೆ ಹೊಡೆದಾಡುತ್ತಿದ್ದಾರೆ?"

ಅದಕ್ಕೆ ಆಗ ಸರಿಯಾದ ಉತ್ತರ ಕೊಡಲಿಲ್ಲ. ಇವತ್ತಿನ ಮಾತು ಆ ಬಾಕಿ ತೀರಿಸುವ ಪ್ರಯತ್ನ.

ಮೊದಲೇ ಒಂದು ಹೇಳಿಬಿಡುತ್ತೇನೆ. 2011ರಲ್ಲಿ ಬೇರೆ ದೇಶ ಮಾಡಿಕೊಂಡ ದಕ್ಷಿಣ ಸುಡಾನಿನ ಜನ ಹಾಗೆ ಬೇರೆಯಾಗಬಾರದಿತ್ತು ಎಂದು ವಾದಿಸಲು ನಾನು ಬಂದಿಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ನೀವೂ ಬೇರೆ ಮನೆಯನ್ನೇ ಕೇಳುತ್ತಿದ್ದೆವು. ಯಾಕೆ ಅಂತ ನೋಡಿ.

ಬ್ರಿಟಿಷರು ಈಜಿಪ್ಟಿನ ಜೊತೆ ಸೇರಿ ಸುಡಾನನ್ನು ಆಳುವಾಗ ದಕ್ಷಿಣದ ಜಿಲ್ಲೆಗಳಿಗೆ ಬೇಲಿ ಹಾಕಿಬಿಟ್ಟಿದ್ದರು. 1922ರ ಒಂದು ಕಾಯ್ದೆ ಆ ಪ್ರದೇಶವನ್ನು ಮುಚ್ಚಿದ ಜಿಲ್ಲೆಗಳು ಎಂದು ಕರೆಯಿತು. ಉತ್ತರದವರು ಅಲ್ಲಿಗೆ ಸುಮ್ನೆ ಹೋಗುವಂತಿರಲಿಲ್ಲ. ಉತ್ತರದಲ್ಲಿ ಅರಬ್ಬೀ, ಇಸ್ಲಾಂ, ರೈಲು, ಹತ್ತಿಯ ಹೊಲ, ಕಾಲೇಜು. ದಕ್ಷಿಣದಲ್ಲಿ ಮಿಷನರಿಗಳ ಒಂದಷ್ಟು ಶಾಲೆ, ಇಂಗ್ಲಿಷು, ಉಳಿದಂತೆ ಏನೂ ಇಲ್ಲ. ಹೀಗೆ ಇಪ್ಪತ್ತೈದು ವರ್ಷ ಬೇರೆ ಇಟ್ಟು, 1947ರಲ್ಲಿ ದಕ್ಷಿಣದ ಜುಬಾ ಊರಿನಲ್ಲಿ ಒಂದು ಸಭೆ ಕರೆದು, ಇನ್ನು ಮೇಲೆ ನೀವಿಬ್ಬರೂ ಒಂದೇ ಎಂದರು. ಹೊರಡುವ ಆತುರದಲ್ಲಿದ್ದ ಬ್ರಿಟಿಷರು ಆ ವರ್ಷ ಇನ್ನೆಲ್ಲಿ ಏನು ಮಾಡಿದರು ಎಂಬುದು ನಿಮಗೆ ಗೊತ್ತೇ ಇದೆ. ಒಂದು ಕಡೆ ಒಡೆದರು, ಇನ್ನೊಂದು ಕಡೆ ಅಂಟಿಸಿದರು.

ಬಿಳಿಯರು ಖಾಲಿ ಮಾಡಿದ ಸುಮಾರು 800 ಸರ್ಕಾರಿ ಹುದ್ದೆಗಳಲ್ಲಿ ದಕ್ಷಿಣದವರಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1956ರ ಜನವರಿ 1ಕ್ಕೆ. ದಕ್ಷಿಣದ ಟೋರಿಟ್ ಊರಿನಲ್ಲಿ ಸೈನಿಕರು ದಂಗೆ ಎದ್ದದ್ದು ಅದಕ್ಕೂ ಮೊದಲು, 1955ರ ಆಗಸ್ಟಿನಲ್ಲಿ. ಅಂದರೆ ದೇಶ ಹುಟ್ಟುವ ಮುಂಚೆಯೇ ಯುದ್ಧ ಹುಟ್ಟಿತ್ತು.

ಅದು 1972ರ ಆಡಿಸ್ ಅಬಾಬಾ ಒಪ್ಪಂದದವರೆಗೆ ನಡೆಯಿತು. ದಕ್ಷಿಣಕ್ಕೆ ಸ್ವಂತ ಪ್ರಾದೇಶಿಕ ಸರ್ಕಾರ ಸಿಕ್ಕಿತು. ಹತ್ತು ವರ್ಷ ಚೆನ್ನಾಗಿಯೇ ಇತ್ತು. ಆ ನಡುವೆ ದಕ್ಷಿಣದ ಬೆಂಟಿಯು ಊರಿನ ಹತ್ತಿರ ಎಣ್ಣೆ ಸಿಕ್ಕಿತು, ಅಲ್ಲಿಗೆ ಉತ್ತರದಲ್ಲಿರುವ ರಾಜಧಾನಿ ಖಾರ್ಟೂಮಿನ ಕಣ್ಣು ಬಿತ್ತು. 1983ರಲ್ಲಿ ಅಧ್ಯಕ್ಷ ನಿಮೇರಿ ಆ ಒಪ್ಪಂದವನ್ನು ತಾನೇ ಹರಿದು ಹಾಕಿದ, ದೇಶಕ್ಕೆಲ್ಲ ಷರಿಯಾ ಕಾನೂನು ತಂದ. ಎರಡನೆಯ ಯುದ್ಧ ಶುರುವಾಯಿತು. ಅದು 2005ರವರೆಗೆ, 22 ವರ್ಷ. ಗುಂಡಿಗಿಂತ ಜಾಸ್ತಿ ಹಸಿವು, ರೋಗಗಳಿಂದ ಸತ್ತವರನ್ನೂ ಸೇರಿಸಿದರೆ ಸುಮಾರು 20 ಲಕ್ಷ ಜನ ಹೋದರು ಎಂಬುದು ಎಲ್ಲರೂ ಹೇಳುವ ಅಂದಾಜು.

ಇಷ್ಟು ಸಾಲದೇ, ಬೇರೆಯಾಗುತ್ತೇವೆ ಎನ್ನಲು?

ಈಗ ಒಂದು ಹೆಜ್ಜೆ ಹಿಂದೆ ಹೋಗೋಣ. ನಿಮೇರಿ 1983ರಲ್ಲಿ ಒಪ್ಪಂದ ಮುರಿದ ಎಂದೆನಲ್ಲ, ಅದನ್ನು ಹೇಗೆ ಮುರಿದ ಎಂಬುದರಲ್ಲೇ ಮುಂದಿನ ಕಥೆಯೆಲ್ಲ ಇದೆ. ಅವನು ದಕ್ಷಿಣ ಪ್ರಾಂತ್ಯವನ್ನು ಮೂರು ಪಾಲು ಮಾಡಿದ. ಮಾಡಲು ಅವನಿಗೆ ನೆಪ ಸಿಕ್ಕಿದ್ದು ದಕ್ಷಿಣದವರಿಂದಲೇ. ಜುಬಾ ಸುತ್ತಲಿನ ಇಕ್ವಟೋರಿಯಾ ಸೀಮೆಯ ಸಣ್ಣ ಸಣ್ಣ ಸಮುದಾಯಗಳ ನಾಯಕರು, ಪ್ರಾದೇಶಿಕ ಸರ್ಕಾರ ಅಂದರೆ ಡಿಂಕಾ ಜನರ ಸರ್ಕಾರ ಆಗಿಹೋಗಿದೆ, ನಮ್ಮ ಪಾಲು ನಮಗೆ ಕೊಡಿ ಎಂದು ಕೇಳುತ್ತಿದ್ದರು. ಈ ಬೇಡಿಕೆಗೆ ಅಲ್ಲಿನ ಬಾರಿ ಭಾಷೆಯಲ್ಲಿ ಒಂದು ಮಾತಿದೆ, ಕೊಕೋರಾ. ಹಂಚಿಕೆ, ಪಾಲು ಎಂದು ಅರ್ಥ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ತಮ್ಮಂದಿರು ಒಂದು ದಿನ ಜಗಲಿಯ ಮೇಲೆ ಕೂತು ಹೇಳುತ್ತಾರಲ್ಲ, ಪಾಲು ಮಾಡಿಬಿಡಿ ಅಂತ, ಅದೇ ದನಿ.

ಉತ್ತರದ ಕೈಯಲ್ಲಿ ದಕ್ಷಿಣ ಏನು ಅನುಭವಿಸುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರೋ, ಡಿಂಕಾಗಳ ಕೈಯಲ್ಲಿ ತಾವು ಅದನ್ನೇ ಅನುಭವಿಸುತ್ತಿದ್ದೇವೆ ಎಂದು ಇಕ್ವಟೋರಿಯಾದವರು ಹೇಳುತ್ತಿದ್ದರು. ದಕ್ಷಿಣದಲ್ಲಿ ಅರವತ್ತಕ್ಕೂ ಹೆಚ್ಚು ಸಮುದಾಯಗಳಿವೆ. ದೊಡ್ಡದು ಡಿಂಕಾ, ಎರಡನೆಯದು ನುಯೆರ್. ಖಾರ್ಟೂಮಿನ ಎದುರು ನಿಂತಾಗ ಇವರೆಲ್ಲ ದಕ್ಷಿಣದವರು. ಖಾರ್ಟೂಮು ಪಕ್ಕಕ್ಕೆ ಸರಿದರೆ?

1991ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ದಕ್ಷಿಣದ ಹೋರಾಟದ ನಾಯಕ ಜಾನ್ ಗರಾಂಗ್ ಬೇರೆ ದೇಶ ಬೇಕು ಎನ್ನುತ್ತಿರಲಿಲ್ಲ. ಸಮಸ್ಯೆ ಇರುವುದು ದಕ್ಷಿಣದಲ್ಲಿ ಅಲ್ಲ, ಖಾರ್ಟೂಮಿನಲ್ಲಿ ನಾಲ್ಕು ಜನ ಕೂತು ಇಡೀ ದೇಶವನ್ನು ನುಂಗುವುದರಲ್ಲಿದೆ, ಹಾಗಾಗಿ ಇಡೀ ಸುಡಾನನ್ನೇ ಹೊಸದಾಗಿ ಕಟ್ಟಬೇಕು ಎಂಬುದು ಅವನ ಪಟ್ಟು. ಅವನ ಪಡೆ ಮೊದಮೊದಲು ಹೊಡೆದಾಡಿದ್ದೇ ಪ್ರತ್ಯೇಕತೆ ಬೇಕೆಂದ ದಕ್ಷಿಣದವರ ಜೊತೆ. 1991ರ ಆಗಸ್ಟಿನಲ್ಲಿ ರಿಯೆಕ್ ಮಚಾರ್ ಎಂಬ ನುಯೆರ್ ಮುಖಂಡ, ನಮಗೆ ಪೂರ್ತಿ ಸ್ವಾತಂತ್ರ್ಯವೇ ಬೇಕು ಎಂದು ಗುಂಪು ಒಡೆದ. ಕೆಲವೇ ತಿಂಗಳಲ್ಲಿ ಅವನ ಕಡೆಯವರು ಗರಾಂಗನ ಸೀಮೆಯಾದ ಬೋರ್ ಮೇಲೆ ಬಿದ್ದರು. ಎರಡು ಸಾವಿರದಷ್ಟು ಡಿಂಕಾ ಜನರ ಕೊಲೆಯಾಯಿತು. ದನಗಳನ್ನು ಹೊಡೆದುಕೊಂಡು ಹೋದರು. ದನವೇ ಆಸ್ತಿ, ದನವೇ ತೆರ ಆಗಿರುವ ಊರಿನಲ್ಲಿ ಅದೂ ಒಂದು ಬಗೆಯ ಕೊಲೆಯೇ.

ತಮಾಷೆ ನೋಡಿ. ಸ್ವಾತಂತ್ರ್ಯವೇ ಬೇಕು ಎಂದ ಮಚಾರ್ 1997ರಲ್ಲಿ ಖಾರ್ಟೂಮಿನ ಜೊತೆಗೇ ಕೈ ಜೋಡಿಸಿದ, 2002ರಲ್ಲಿ ಮತ್ತೆ ಗರಾಂಗನ ಬಳಿ ವಾಪಸ್ ಬಂದ. ಒಗ್ಗಟ್ಟು ಬೇಕು ಎಂದ ಗರಾಂಗ್ 2005ರ ಜನವರಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ. ಆರು ವರ್ಷದ ನಂತರ ದಕ್ಷಿಣದವರು ಜನಮತದಿಂದ ತೀರ್ಮಾನಿಸಲಿ ಎಂಬುದು ಅದರ ತಿರುಳು. ಜುಲೈ 9ಕ್ಕೆ ಅವನು ಇಡೀ ಸುಡಾನಿನ ಮೊದಲ ಉಪಾಧ್ಯಕ್ಷನಾದ. ಅವನನ್ನು ನೋಡಲು ಖಾರ್ಟೂಮಿನಲ್ಲಿ ಜನಸಾಗರ. ಅದರಲ್ಲಿ ಉತ್ತರದವರೂ ಇದ್ದರು. ಮೂರು ವಾರಕ್ಕೆ ಹೆಲಿಕಾಪ್ಟರ್ ಬಿದ್ದು ಸತ್ತ. ಒಟ್ಟಿಗೆ ಇರೋಣ ಎನ್ನುವ ವಾದವೂ ಅವನ ಜೊತೆಗೇ ಮಣ್ಣಾಯಿತು ಅನ್ನಬಹುದು. ಆ ಜಾಗಕ್ಕೆ ಬಂದ ಸಾಲ್ವಾ ಕೀರ್‌ಗೆ ಆ ಕನಸಿನಲ್ಲಿ ಅಷ್ಟು ಆಸಕ್ತಿ ಇರಲಿಲ್ಲ.

ಜನಮತ ನಡೆದದ್ದು 2011ರ ಜನವರಿ 9ರಿಂದ 15ರವರೆಗೆ. ಓದು ಬಾರದವರೇ ಹೆಚ್ಚು, ಹಾಗಾಗಿ ಮತಚೀಟಿಯಲ್ಲಿ ಚಿತ್ರ ಹಾಕಿದ್ದರು. ಒಟ್ಟಿಗೆ ಇರಲು ಬೆಸೆದ ಎರಡು ಕೈ. ಬೇರೆಯಾಗಲು ಎತ್ತಿದ ಒಂದು ಕೈ. ಜನ ಬೆಳಗಿನ ಜಾವಕ್ಕೇ ಬಂದು ಸಾಲಲ್ಲಿ ನಿಂತರು. ಶೇಕಡಾ 98.83 ಮಂದಿ ಒಂಟಿ ಕೈಗೆ ಹೆಬ್ಬೆಟ್ಟು ಒತ್ತಿದರು. ಜುಲೈ 9ಕ್ಕೆ ಹೊಸ ದೇಶ, ಐದು ದಿನಕ್ಕೆ ವಿಶ್ವಸಂಸ್ಥೆಯ 193ನೆಯ ಸದಸ್ಯ. ಆ ಸಂತೋಷ ಸುಳ್ಳಲ್ಲ. ಅದನ್ನು ಯಾರೂ ಲೇವಡಿ ಮಾಡಬಾರದು.

ಆದರೆ ಪಾಲು ಅಂದಮೇಲೆ ಪಾಲುಪಟ್ಟಿ ಬೇಕಲ್ಲ. ಬಾವಿ ಯಾರಿಗೆ, ಹಾದಿ ಯಾರಿಗೆ, ಹಿತ್ತಲಿನ ಹಲಸಿನ ಮರ ಯಾರಿಗೆ? ಇಲ್ಲಿ ಮರ ಒಬ್ಬನ ಪಾಲಿಗೆ, ಹಾದಿ ಇನ್ನೊಬ್ಬನ ಪಾಲಿಗೆ ಬಂತು. ಎಣ್ಣೆಯ ನಾಲ್ಕರಲ್ಲಿ ಮೂರು ಪಾಲು ದಕ್ಷಿಣಕ್ಕೆ. ಅದನ್ನು ಸಮುದ್ರಕ್ಕೆ ಒಯ್ಯುವ ಪೈಪು, ಶುದ್ಧ ಮಾಡುವ ಕಾರ್ಖಾನೆ, ಹಡಗು ನಿಲ್ಲುವ ಪೋರ್ಟ್ ಸುಡಾನ್ ಬಂದರು ಎಲ್ಲ ಉತ್ತರದಲ್ಲಿ. ಒಂದು ಬ್ಯಾರಲ್‌ಗೆ 30 ಡಾಲರಿಗೂ ಮೇಲೆ ಕೊಡಿ ಎಂದಿತು ಖಾರ್ಟೂಮು. ಒಂದು ಡಾಲರಿನ ಆಸುಪಾಸು ಸಾಕು ಎಂದಿತು ಹೊಸ ದೇಶದ ರಾಜಧಾನಿ ಜುಬಾ. 2012ರ ಜನವರಿಯಲ್ಲಿ ದಕ್ಷಿಣದವರು ಸಿಟ್ಟಿಗೆದ್ದು ಎಣ್ಣೆ ತೆಗೆಯುವುದನ್ನೇ ನಿಲ್ಲಿಸಿದರು. ಸರ್ಕಾರದ ಆದಾಯದಲ್ಲಿ ಶೇಕಡಾ 98ರಷ್ಟು ಆ ಎಣ್ಣೆಯಿಂದಲೇ ಬರುತ್ತಿತ್ತು! ಏಪ್ರಿಲ್‌ನಲ್ಲಿ ಹೆಗ್ಲಿಗ್ ಎಂಬ ಎಣ್ಣೆ ಬಾವಿಗಳ ಜಾಗಕ್ಕಾಗಿ ಎರಡೂ ದೇಶಗಳ ಸೈನ್ಯ ಕೈ ಮಿಲಾಯಿಸಿದವು. ಒಂದು ದೇಶದ ಒಳಗಿನ ಜಗಳ ಎರಡು ದೇಶಗಳ ಯುದ್ಧವಾಗಿ ಬಡ್ತಿ ಪಡೆಯಿತು, ಅಷ್ಟೇ.

ಗೆರೆ ಎಳೆಯುವವರಿಗೆ ಯಾವಾಗಲೂ ಕಾಡುವ ಜನ ಮೂರು ಬಗೆ. ಮೊದಲನೆಯವರು ಗೆರೆಯ ಮೇಲೇ ಇರುವವರು. ಅಬ್ಯೇ ಎಂಬ ಪ್ರದೇಶದಲ್ಲಿ ಡಿಂಕಾಗಳ ಒಂದು ಕವಲಿನ ಜನ ನೆಲೆ ನಿಂತಿದ್ದಾರೆ. ವರ್ಷದ ಕೆಲವು ತಿಂಗಳು ಮಿಸೆರಿಯಾ ಎಂಬ ಅರಬ್ ದನಗಾಹಿಗಳು ನೀರು, ಮೇವು ಹುಡುಕಿಕೊಂಡು ಅಲ್ಲಿಗೆ ಇಳಿಯುತ್ತಾರೆ. ಅಲ್ಲಿಗೂ ಬೇರೆ ಜನಮತ ನಡೆಯಬೇಕಿತ್ತು. ಯಾರಿಗೆ ಮತ ಎಂಬಲ್ಲಿಗೇ ನಿಂತಿತು. ದನ ಹೊಡೆದುಕೊಂಡು ವರ್ಷಕ್ಕೊಮ್ಮೆ ಬರುವವನು ಆ ಊರಿನವನೋ ಅಲ್ಲವೋ? ನಮ್ಮ ಕುರಿಗಾಹಿಗಳು ಗುಡ್ಡ ದಾಟಿ ಬಂದು ಹೊಲದಲ್ಲಿ ಮಂದೆ ನಿಲ್ಲಿಸುವುದನ್ನು ನೋಡಿದವರಿಗೆ ಈ ಪ್ರಶ್ನೆ ಎಷ್ಟು ಕಷ್ಟದ್ದು ಎಂದು ಗೊತ್ತಾಗುತ್ತದೆ. ಆ ಜನಮತ ಇವತ್ತಿಗೂ ನಡೆದಿಲ್ಲ. ಶಾಂತಿಪಡೆ ಕಾಯುತ್ತಾ ಕೂತಿದೆ. 2023ರಲ್ಲಿ ಭಾರತದ ಮಹಿಳಾ ಸೈನಿಕರ ತುಕಡಿಯೊಂದು ಕೂಡ ಅಲ್ಲಿಗೆ ಹೋಯಿತು.

ಎರಡನೆಯವರು ಗೆರೆಯ ಆಚೆ ಉಳಿದ ಗೆಳೆಯರು. ನೂಬಾ ಬೆಟ್ಟದವರು, ಬ್ಲೂ ನೈಲ್ ಸೀಮೆಯವರು ದಕ್ಷಿಣದವರ ಪಕ್ಕದಲ್ಲೇ ನಿಂತು ಹೋರಾಡಿದ್ದರು. ಗೆರೆ ಬಿದ್ದಾಗ ಉತ್ತರದಲ್ಲಿ ಉಳಿದರು. ದಕ್ಷಿಣ ಇನ್ನೂ ಬಾವುಟ ಏರಿಸಿರಲಿಲ್ಲ, 2011ರ ಜೂನ್‌ನಲ್ಲೇ ನೂಬಾ ಬೆಟ್ಟಗಳ ಮೇಲೆ ಬಾಂಬು ಬೀಳತೊಡಗಿತು. ಇವರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಬೇರೆಯಾಗುವ ಸಂಭ್ರಮದಲ್ಲಿ ಜೊತೆಗಿದ್ದವರನ್ನು ಬಿಟ್ಟು ಹೋಗುವುದು ನನಗೆ ಈ ಕಥೆಯಲ್ಲಿ ತುಂಬ ಚುಚ್ಚುವ ಭಾಗ.

ಮೂರನೆಯವರು ಖಾರ್ಟೂಮಿನಲ್ಲೇ ಇದ್ದ ದಕ್ಷಿಣದವರು. ಯುದ್ಧ ತಪ್ಪಿಸಿಕೊಂಡು ಬಂದು, ಅಲ್ಲೇ ಇಟ್ಟಿಗೆ ಹೊತ್ತು, ಅಲ್ಲೇ ಮಕ್ಕಳನ್ನು ಹೆತ್ತು ಬದುಕಿದ ಲಕ್ಷಾಂತರ ಜನ. 2011ರಲ್ಲಿ ಉತ್ತರ ತನ್ನ ಪೌರತ್ವ ಕಾಯ್ದೆ ತಿದ್ದಿತು. ಇವರೆಲ್ಲ ರಾತ್ರೋರಾತ್ರಿ ಪರದೇಶಿಗಳಾದರು. ಸರ್ಕಾರಿ ಕೆಲಸದಲ್ಲಿದ್ದವರ ಕೆಲಸ ಹೋಯಿತು. ಕೋಸ್ಟಿ ಎಂಬ ಊರಿನ ನದಿ ದಂಡೆಯಲ್ಲಿ ಮಂಚ, ಕಪಾಟು, ಕುರ್ಚಿಗಳನ್ನು ರಾಶಿ ಹಾಕಿಕೊಂಡು, ನೈಲ್ ನದಿಯಲ್ಲಿ ದಕ್ಷಿಣಕ್ಕೆ ಹೋಗುವ ದೋಣಿಗಾಗಿ ತಿಂಗಳುಗಟ್ಟಲೆ ಕಾದರು. ಈ ಜನರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಈಗ 2013. ಖಾರ್ಟೂಮು ಈಗ ಹೊರಗಿನವರ ಊರು. ಕೀರ್ ಅಧ್ಯಕ್ಷ, ಡಿಂಕಾ. ಮಚಾರ್ ಉಪಾಧ್ಯಕ್ಷ, ನುಯೆರ್. ಈ ಹೊಸ ದೇಶ ಹೇಗೆ ನಿಂತಿತ್ತು ಎಂದು ಸ್ವಲ್ಪ ನೋಡಬೇಕು. ಯುದ್ಧದಲ್ಲಿ ಖಾರ್ಟೂಮಿನ ಹಣ ಪಡೆದು ಗರಾಂಗನ ವಿರುದ್ಧ ಹೋರಾಡಿದ ದಕ್ಷಿಣದ ಪಡೆಗಳು ಹತ್ತಾರಿದ್ದವು, ಬಹುಪಾಲು ನುಯೆರ್. 2006ರಲ್ಲಿ ಅವರನ್ನೆಲ್ಲ ಒಂದೇ ಸೈನ್ಯಕ್ಕೆ ಸೇರಿಸಿಕೊಂಡರು. ಅವರವರ ನಾಯಕರನ್ನು ಅವರವರಿಗೇ ಬಿಟ್ಟು, ಎಲ್ಲರಿಗೂ ಸಂಬಳ ಕೊಟ್ಟು, ನೂರಾರು ಜನರನ್ನು ಜನರಲ್ ಮಾಡಿ. ಸಂಬಳದ ಹಣ ಎಣ್ಣೆಯದು. ಇದನ್ನು ಒಗ್ಗಟ್ಟು ಅನ್ನುವುದಕ್ಕಿಂತ ಬಾಡಿಗೆ ಅನ್ನುವುದು ಸರಿ. 2012ರಲ್ಲಿ ಎಣ್ಣೆ ನಿಲ್ಲಿಸಿದಾಗ ಬಾಡಿಗೆ ಕಟ್ಟಲು ದುಡ್ಡಿಲ್ಲದಾಯಿತು. ಅದೇ ವರ್ಷ ಕೀರ್ ತನ್ನದೇ ಅಧಿಕಾರಿಗಳಿಗೆ ಒಂದು ಪತ್ರ ಬರೆದ: 400 ಕೋಟಿ ಡಾಲರ್ ಕಾಣೆಯಾಗಿದೆ, ತೆಗೆದುಕೊಂಡವರು ದಯವಿಟ್ಟು ವಾಪಸ್ ಕೊಡಿ ಅಂತ. ನನಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಜುಲೈ 2013ರಲ್ಲಿ ಕೀರ್ ಮಚಾರನನ್ನೂ ಇಡೀ ಮಂತ್ರಿಮಂಡಲವನ್ನೂ ವಜಾ ಮಾಡಿದ. ಡಿಸೆಂಬರ್ 15ರ ರಾತ್ರಿ ಜುಬಾದಲ್ಲಿ ಅಧ್ಯಕ್ಷರ ಕಾವಲು ಪಡೆಯೊಳಗೇ ಗುಂಡು ಹಾರಿತು. ಮರುದಿನದಿಂದ ಸೈನಿಕರು ಮನೆ ಮನೆ ನುಗ್ಗಿ ನುಯೆರ್ ಗಂಡಸರನ್ನು ಹುಡುಕಿ ಕೊಂದರು. ನುಯೆರ್ ಗಂಡಸರ ಹಣೆಯ ಮೇಲೆ ಸಾಲು ಗೆರೆಗಳಿರುತ್ತವೆ, ಪ್ರಾಯಕ್ಕೆ ಬಂದಾಗ ಕೊಯ್ದು ಹಾಕುವ ಹೆಮ್ಮೆಯ ಗುರುತು. ಆ ವಾರ ಆ ಗುರುತೇ ಸಾವಿನ ಚೀಟಿಯಾಯಿತು. ಗೆರೆ ಇಲ್ಲದವರನ್ನು ಮಾತಾಡಿಸಿ ನೋಡಿದರು. ಗುಡೆಲೆ ಎಂಬಲ್ಲಿನ ಪೊಲೀಸ್ ಕಟ್ಟಡದೊಳಗೆ ನೂರಾರು ಜನರನ್ನು ಕೂಡಿ ಹಾಕಿ ಕಿಟಕಿಯಿಂದ ಗುಂಡು ಹೊಡೆದರು. ಸೇಡಿಗೆ ನುಯೆರ್ ಪಡೆಗಳು ಮತ್ತೆ ಬೋರ್ ಮೇಲೆ ಬಿದ್ದವು. 1991ರ ಅದೇ ಬೋರ್. 2014ರ ಏಪ್ರಿಲ್‌ನಲ್ಲಿ ಬೆಂಟಿಯುವಿನ ಮಸೀದಿಯಲ್ಲಿ ಅಡಗಿದ್ದವರ ಕೊಲೆ. ಎರಡೂವರೆ ವರ್ಷದ ಹಿಂದೆ ಒಂದೇ ಸಾಲಲ್ಲಿ ನಿಂತು ಕುಣಿದಿದ್ದ ಜನ ಇವರು.

2018ರಲ್ಲಿ ಲಂಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದರ ಸಂಶೋಧಕರು ಲೆಕ್ಕ ಹಾಕಿದರು. ಈ ಯುದ್ಧದಿಂದ ಆದ ಹೆಚ್ಚುವರಿ ಸಾವು ಸುಮಾರು 3,83,000. ಅರ್ಧದಷ್ಟು ನೇರ ಹಿಂಸೆಯಿಂದ.

ಇದಕ್ಕೆ ಕೀರ್ ಕಂಡುಕೊಂಡ ಮದ್ದು ಏನು ಗೊತ್ತಾ? ಮತ್ತೆ ಪಾಲು. ಹತ್ತು ರಾಜ್ಯಗಳಿದ್ದ ದೇಶವನ್ನು 2015ರಲ್ಲಿ 28 ಮಾಡಿದ, 2017ರಲ್ಲಿ 32. ಎಣ್ಣೆ ಇರುವ ಜಾಗ ಡಿಂಕಾಗಳ ಕಡೆ ಬೀಳುವಂತೆ ಗೆರೆ ಎಳೆದಿದ್ದಾನೆ ಎಂದು ಉಳಿದವರು ಕೂಗಿದರು. 2020ರಲ್ಲಿ ಮತ್ತೆ ಹತ್ತಕ್ಕೆ ಇಳಿಸಿದರು, ಮೂರು ಆಡಳಿತ ಪ್ರದೇಶ ಬೇರೆ. ಕೊಕೋರಾ ನಿಂತೇ ಇಲ್ಲ.

ಈಗ ಗೆಳೆಯರ ಪ್ರಶ್ನೆಗೆ ಬರುತ್ತೇನೆ. ಬೇರೆಯಾಗುವುದು ಒಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ದೂರದ ಖಾರ್ಟೂಮು ನಮ್ಮನ್ನು ಆಳಬೇಕೇ ಎಂಬ ಪ್ರಶ್ನೆಗೆ. ಬೇಡ ಎಂದರು, ಆ ಆಳ್ವಿಕೆ ಮುಗಿಯಿತು. ಜುಬಾದಲ್ಲಿ ಇವತ್ತು ಯಾರೂ ಷರಿಯಾ ಹೇರುತ್ತಿಲ್ಲ. ಅದು ಸಣ್ಣ ಗೆಲುವಲ್ಲ. ಆದರೆ ಇನ್ನೊಂದು ಪ್ರಶ್ನೆ ಇತ್ತು: ಅಧಿಕಾರ ಹಿಡಿದವನು ಹಿಡಿಯದವನಿಗೆ ಏನು ಕೊಡಬೇಕು, ಕೊಡದಿದ್ದರೆ ಅವನನ್ನು ಇಳಿಸುವುದು ಹೇಗೆ? ಇದಕ್ಕೂ ಗೆರೆಗೂ ಸಂಬಂಧವಿಲ್ಲ. ಖಾರ್ಟೂಮಿನಲ್ಲಿ ಉತ್ತರ ಸಿಗದ ಆ ಪ್ರಶ್ನೆಯನ್ನು ಹಾಗೇ ಮೂಟೆ ಕಟ್ಟಿ ದೋಣಿಯಲ್ಲಿ ಹಾಕಿಕೊಂಡು ಜುಬಾಕ್ಕೆ ತಂದರು. ಉತ್ತರದಲ್ಲೂ ಅದು ಉಳಿಯಿತು. ದಕ್ಷಿಣದ ಕ್ರೈಸ್ತರು, ಬುಡಕಟ್ಟಿನವರು ಹೋದರಲ್ಲ, ಇನ್ನು ನಾವೆಲ್ಲ ಮುಸ್ಲಿಮರೇ, ಶಾಂತಿ ಇರುತ್ತದೆ ಎಂದುಕೊಂಡ ಉತ್ತರದ ಕಥೆ ಏನಾಯಿತು? ಪಶ್ಚಿಮ ಸುಡಾನಿನ ಡಾರ್ಫರ್‌ನಲ್ಲಿ 2003ರಿಂದಲೇ ಮುಸ್ಲಿಮರು ಮುಸ್ಲಿಮರನ್ನೇ ಕೊಲ್ಲುತ್ತಿದ್ದರು. 2023ರ ಏಪ್ರಿಲ್ 15ಕ್ಕೆ ಸೈನ್ಯದ ಒಬ್ಬ, ಅರೆಸೇನಾ ಪಡೆಯ ಒಬ್ಬ, ಹೀಗೆ ಇಬ್ಬರು ಜನರಲ್‌ಗಳು ಖಾರ್ಟೂಮಿನ ಬೀದಿಯಲ್ಲೇ ಶುರು ಹಚ್ಚಿಕೊಂಡರು. ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಕೊಂಡದ್ದು ಇವರಿಬ್ಬರ ನಡುವೆ. ಅವರು ಅಡಗಿ ಕೂತಿದ್ದ ಎಲ್ ಫಾಶೆರ್ 2025ರ ಅಕ್ಟೋಬರ್‌ನಲ್ಲಿ ಒಂದೂವರೆ ವರ್ಷದ ಮುತ್ತಿಗೆಯ ನಂತರ ಆ ಅರೆಸೇನಾ ಪಡೆಯ ಕೈಗೆ ಬಿತ್ತು. ಅಲ್ಲಿ ಆದ ಕೊಲೆಗಳನ್ನು ಇಲ್ಲಿ ಹೇಳಲು ಮನಸ್ಸಿಲ್ಲ.

ಹಾಗಾದರೆ ಬೇರೆಯಾಗಿ ಸುಖವಾಗಿದ್ದವರೇ ಇಲ್ಲವೇ? ಇದ್ದಾರೆ. ಚೆಕ್ಕರು, ಸ್ಲೋವಾಕರು 1993ರ ಜನವರಿ 1ಕ್ಕೆ ಒಂದು ಗುಂಡೂ ಹಾರದೆ ಬೇರೆಯಾದರು. ಅವರಲ್ಲಿ ಗೆರೆ ಮೊದಲೇ ಇತ್ತು, ಬಹುತೇಕ ಎಲ್ಲರೂ ತಮ್ಮ ತಮ್ಮ ಕಡೆಯೇ ಇದ್ದರು, ಎರಡೂ ಕಡೆ ಸೋತ ಸರ್ಕಾರ ಸುಮ್ಮನೆ ಮನೆಗೆ ಹೋಗುವ ರೂಢಿ ಬೆಳೆಯುತ್ತಿತ್ತು. ಅದೇ ವರ್ಷ ಎರಿಟ್ರಿಯಾ ಇಥಿಯೋಪಿಯಾದಿಂದ ಬೇರೆಯಾಯಿತು, ಜನಮತದಲ್ಲಿ ಶೇಕಡಾ 99ಕ್ಕೂ ಮೇಲೆ. ಐದು ವರ್ಷಕ್ಕೆ ಬಡ್ಮೆ ಎಂಬ ಒಂದು ಒಣ ಊರಿಗಾಗಿ ಎರಡೂ ದೇಶ ಹತ್ತಾರು ಸಾವಿರ ಜನರನ್ನು ಕಳೆದುಕೊಂಡವು.

ಮಾತು ಮುಗಿದ ಮೇಲೆ ಒಬ್ಬರು ಬೆಳಗಾವಿಯ ಬಗ್ಗೆ ಕೇಳಿದರು. ಕೇಳುತ್ತಾರೆ ಅಂತ ಗೊತ್ತಿತ್ತು. ನಾವೂ 1956ರಲ್ಲಿ ಭಾಷೆಯ ಗೆರೆ ಎಳೆದುಕೊಂಡವರೇ, ಗಡಿ ತಕರಾರು ಇನ್ನೂ ಕೋರ್ಟಿನಲ್ಲಿದೆ. ಆದರೆ ನಮ್ಮ ಗೆರೆ ದಾಟಿದವನ ಪೌರತ್ವ ಹೋಗುವುದಿಲ್ಲ. ಬೆಳಗಾವಿಯ ಮರಾಠಿಗನೂ ಸೊಲ್ಲಾಪುರದ ಕನ್ನಡಿಗನೂ ಬೆಳಗ್ಗೆ ಎದ್ದು ತಮ್ಮ ಅಂಗಡಿ ತೆಗೆಯುತ್ತಾರೆ. ಖಾರ್ಟೂಮಿನ ದಕ್ಷಿಣದವನು ಅಂಗಡಿ ಮುಚ್ಚಿ ನದಿ ದಂಡೆಗೆ ಹೋಗಬೇಕಾಯಿತು. ಹೋಲಿಸುವುದಾದರೆ ಈ ವ್ಯತ್ಯಾಸವನ್ನೂ ಇಟ್ಟುಕೊಂಡು ಹೋಲಿಸಬೇಕು.

ಆ ನದಿ ದಂಡೆಯ ಜನ ದಕ್ಷಿಣಕ್ಕೆ ಬಂದರಲ್ಲ, 2013ರ ಯುದ್ಧಕ್ಕೆ ಹೆದರಿ ಅವರಲ್ಲಿ ಎಷ್ಟೋ ಮಂದಿ ತಿರುಗಿ ಸುಡಾನಿಗೇ ಓಡಿದರು, ಈ ಸಲ ನಿರಾಶ್ರಿತರಾಗಿ. 2023ರಲ್ಲಿ ಖಾರ್ಟೂಮು ಹೊತ್ತಿ ಉರಿದಾಗ ಮತ್ತೆ ದಕ್ಷಿಣಕ್ಕೆ. ಜೋಡಾ ಎಂಬ ಗಡಿ ದಾಟಿ ರೆಂಕ್ ಊರಿಗೆ ಬಂದು, ಅಲ್ಲಿಂದ ಮತ್ತೆ ಅದೇ ನೈಲ್ ನದಿಯ ದೋಣಿ. ಯುದ್ಧ ಶುರುವಾದ ಮೇಲೆ ಹೀಗೆ ದಕ್ಷಿಣ ಸುಡಾನಿಗೆ ದಾಟಿದವರು ಹತ್ತು ಲಕ್ಷಕ್ಕೂ ಹೆಚ್ಚು, ಬಹುಪಾಲು ದಕ್ಷಿಣದವರೇ. ಅವರಲ್ಲಿ ಎಷ್ಟೋ ಮಕ್ಕಳಿಗೆ ಬರುವುದು ಅರಬ್ಬೀ ಮಾತ್ರ. ಹೊಸ ದೇಶದ ಆಡಳಿತ ಭಾಷೆ ಇಂಗ್ಲಿಷ್. ಪುಣ್ಯಕ್ಕೆ ಜುಬಾದ ಸಂತೆಯಲ್ಲಿ ಡಿಂಕಾ, ನುಯೆರ್, ಬಾರಿ ಎಲ್ಲರೂ ವ್ಯಾಪಾರ ಮಾಡುವುದು ಜುಬಾ ಅರಬ್ಬೀ ಎಂಬ ಬೆರಕೆ ಮಾತಿನಲ್ಲಿ. ಬಿಟ್ಟು ಬಂದವರ ಭಾಷೆ ಬಂದವರನ್ನು ಒಬ್ಬರಿಗೊಬ್ಬರು ಹೆಣೆದಿದೆ.

ಕೊನೆಗೆ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ನೀವು ಅಲ್ಲಿ ಇದ್ದಿದ್ದರೆ ಯಾವ ಕೈಗೆ ಒತ್ತುತ್ತಿದ್ದಿರಿ ಸರ್?" ಒಂಟಿ ಕೈಗೇ ಎಂದೆ. ಒತ್ತಿ ಮನೆಗೆ ಹೋಗಿ, ಮುಂದಿನ ಚುನಾವಣೆ ಯಾವಾಗ ಅಂತ ಕೇಳುತ್ತಿದ್ದೆ. 2015 ಅಂದಿದ್ದರು, ಆಮೇಲೆ 2018, ಆಮೇಲೆ 2023, 2024. ಈಗಿನ ಮಾತು 2026ರ ಡಿಸೆಂಬರ್. ಮಚಾರ್ 2025ರ ಮಾರ್ಚ್‌ನಿಂದ ಬಂಧನದಲ್ಲಿದ್ದಾನೆ. ಕೀರ್ ಅಧ್ಯಕ್ಷನಾಗಿಯೇ ಇದ್ದಾನೆ. ಅಂದು ಒಂಟಿ ಕೈಗೆ ಹೆಬ್ಬೆಟ್ಟು ಒತ್ತಿದವರ ಮುಂದೆ ಹೊಸ ದೇಶ ಇನ್ನೊಂದು ಮತಚೀಟಿ ಇಟ್ಟಿಲ್ಲ.